ಬ್ರೇಕ್ ತುಳಿಯದ ಚಿಕ್ಕ

ಮೂರ್ನಾಡಿನಲ್ಲಿ ಗ್ಯಾರೇಜು ಇಟ್ಟವನು ಬ್ರೇಕಿನ ಕೆಲಸದಿಂದಲೇ ಬದುಕಬೇಕು. ಯಾವ ಕಡೆ ಹೊರಟರೂ ಒಂದು ಇಳಿಜಾರು, ಒಂದು ತಿರುವು, ತಿರುವಿನಾಚೆ ಮತ್ತೊಂದು ಇಳಿಜಾರು. ಬಯಲುಸೀಮೆಯ ಪ್ರವಾಸಿಗಳು ಮಡಿಕೇರಿಯಿಂದ ಇಲ್ಲಿಗೆ ಇಳಿಯುವಷ್ಟರಲ್ಲಿ ಚಕ್ರದಲ್ಲಿ ಸುಟ್ಟ ವಾಸನೆ ಎಬ್ಬಿಸಿಕೊಂಡು, ಮುಖ ಬಿಳಿಚಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಊರವರೂ ಆಗಾಗ ಬಂದು ಬ್ರೇಕ್ ಶೂ ಹಾಕಿಸಿಕೊಂಡು ಹೋಗುತ್ತಾರೆ. ಇಷ್ಟು ಜನರ ನಡುವೆ ನನಗೆ ಬ್ರೇಕಿನ ವ್ಯಾಪಾರವನ್ನೇ ಕೊಡದ ಗಿರಾಕಿ ಒಬ್ಬನಿದ್ದ. ಅವನು ಶಾಲೆ ವ್ಯಾನಿನ ಡ್ರೈವರ್ ಚಿಕ್ಕ.

ಏರಿದ ಗೇರಿನಲ್ಲೇ ಇಳಿಯಬೇಕು ಎನ್ನುವುದು ಚಿಕ್ಕನ ಧರ್ಮ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿಬಿಡುತ್ತಿದ್ದ. ಆಮೇಲೆ ಇಂಜಿನ್ನೇ ವ್ಯಾನನ್ನು ಹಿಡಿದುಕೊಂಡು ಮೆಲ್ಲಗೆ ಕೆಳಗೆ ತರುತ್ತಿತ್ತು. ಮಕ್ಕಳನ್ನು ಹತ್ತಿಸುವ ಜಾಗ ಬಂದರೆ ಇನ್ನೂ ತಗ್ಗಿಸಿ, ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದರೆ ಮುಗಿಯಿತು. ಒಳಗೆ ಕೂತ ಮಕ್ಕಳ ತಲೆ ಮುಂದಕ್ಕೆ ಬಾಗಿದರೆ ಅವನಿಗೆ ಅವಮಾನ. ‘ಬ್ರೇಕ್ ಇರುದು ನಿಲ್ಲಲಿಕ್ಕೆ, ಇಳಿಯಲಿಕ್ಕೆ ಅಲ್ಲ’ ಎಂದು ಹೊಸ ಹುಡುಗರಿಗೆ ಪಾಠ ಹೇಳುವುದು ಬೇರೆ. ನಿನ್ನಂಥವರು ಊರಲ್ಲಿ ಇನ್ನು ನಾಲ್ಕು ಜನ ಇದ್ದರೆ ನಾನು ಗಂಟುಮೂಟೆ ಕಟ್ಟಿಕೊಂಡು ಶನಿವಾರಸಂತೆಗೆ ವಾಪಸು ಹೋಗಬೇಕಾಗುತ್ತದೆ ಎಂದು ನಾನು ಗದರಿಸುತ್ತಿದ್ದೆ. ನಾನು ಹುಟ್ಟಿದ್ದು ಶನಿವಾರಸಂತೆಯಲ್ಲಿ. ಹೆಸರು ನಂಜಪ್ಪ. ಮಾತು ಸ್ವಲ್ಪ ಒರಟು, ಅದು ನನಗೂ ಗೊತ್ತು.

ಇದು ಚಿಕ್ಕನೊಬ್ಬನ ಹುಚ್ಚು ಅಲ್ಲ. ಇಲ್ಲಿನ ತೋಟಗಳಲ್ಲಿ ಹಳೇ ಜೀಪು ಓಡಿಸಿ ಬೆಳೆದ ಡ್ರೈವರುಗಳೆಲ್ಲ ಹೀಗೆಯೇ. ಆ ಜೀಪುಗಳ ಬ್ರೇಕು ಒಂದು ದಿನ ಹಿಡಿದರೆ ಇನ್ನೊಂದು ದಿನ ಇಲ್ಲ. ಹಿಂದೆ ಗೊಬ್ಬರದ ಮೂಟೆ, ಮೂಟೆಯ ಮೇಲೆ ಕೆಲಸದವರು. ಬ್ರೇಕನ್ನು ನಂಬಿದವನು ತೋಡಿಗೆ ಬೀಳುತ್ತಿದ್ದ, ಗೇರನ್ನು ನಂಬಿದವನು ಮನೆಗೆ ಬರುತ್ತಿದ್ದ. ಇಳಿಜಾರಿನಲ್ಲಿ ಯಾರದಾದರೂ ಹಿಂದಿನ ಕೆಂಪು ದೀಪ ಹೊತ್ತಿತು ಎಂದರೆ, ಪಾಪ, ಹೊಸಬ ಎಂದು ನಗುತ್ತಿದ್ದರು.

ಚಿಕ್ಕ ಹುಟ್ಟಿದ್ದು ಅಂಥದೇ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ, ಕೆಲಸದವರ ಸಾಲುಮನೆಯಲ್ಲಿ. ತಾಯಿ ಸಣ್ಣಿ ಕಾಫಿ ಕುಯ್ಯುವ ಕೆಲಸದವಳು. ಶಾಲೆಗೆ ಹೋಗಬೇಕಾದರೆ ತೋಟದ ಒಳದಾರಿಯಲ್ಲಿ ನಡೆದು ಬರಬೇಕಿತ್ತು. ಒಂದು ಬೆಳಗ್ಗೆ ಮಂಜಿನಲ್ಲಿ ಆನೆ ಎದುರಾಯಿತು. ಚಿಕ್ಕ ಚೀಲ ಬಿಸಾಡಿ ಓಡಿದ. ಮರುದಿನದಿಂದ ಸಣ್ಣಿ ಮಗನನ್ನು ಶಾಲೆಗೆ ಕಳಿಸಲಿಲ್ಲ. ಅಲ್ಲಿಗೆ ಅವನ ಓದು ಮುಗಿಯಿತು. ತೋಟದ ಜೀಪು ತೊಳೆಯುತ್ತಾ, ಡ್ರೈವರ್ ಪಕ್ಕ ಕೂತು ಗೇರು ನೋಡುತ್ತಾ ಕೆಲಸ ಕಲಿತ. ಮೀಸೆ ಬರುವ ಹೊತ್ತಿಗೆ ಕಾಕಿ ಅಂಗಿ ಹಾಕಿಕೊಂಡ. ಆ ಲೈನಿನಿಂದ ಕಾಕಿ ತೊಟ್ಟ ಮೊದಲಿಗ ಅವನೇ. ಸಣ್ಣಿ ಬದುಕಿರುವವರೆಗೂ ಆ ಅಂಗಿಯನ್ನು ಬೇರೆ ಯಾರ ಕೈಗೂ ತೊಳೆಯಲು ಕೊಡಲಿಲ್ಲವಂತೆ.

ಮೂರ್ನಾಡಿನ ಶಾಲೆಯವರು ವ್ಯಾನ್ ತಂದಾಗ ಚಿಕ್ಕ ತಾನಾಗಿಯೇ ಹೋಗಿ ಕೆಲಸ ಕೇಳಿದ. ಕೊಟ್ಟರು. ಶಾಲೆಯವರ ಲೆಕ್ಕದಲ್ಲಿ ವ್ಯಾನ್ ಡಾಂಬರು ರಸ್ತೆಯಲ್ಲಿ ಹೋಗಿ ಡಾಂಬರು ರಸ್ತೆಯಲ್ಲಿ ಬರಬೇಕು. ಲೈನಿನ ಮಕ್ಕಳು ರಸ್ತೆವರೆಗೆ ನಡೆದು ಬರಲಿ ಎಂದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುವಂತೆ ಚಿಕ್ಕ ಯಾರನ್ನೂ ಕೇಳದೆ ತೋಟದೊಳಗೆ ವ್ಯಾನ್ ಇಳಿಸಿದ. ಕಲ್ಲುದಾರಿ, ಒಂದು ಪಕ್ಕ ಕಾಫಿ ಗಿಡ, ಇನ್ನೊಂದು ಪಕ್ಕ ತಗ್ಗು. ಶಾಲೆಯವರು ಬೈದರು, ಟಯರು ಹೋದರೆ ನಿನ್ನ ಹೊಣೆ ಎಂದರು. ಚಿಕ್ಕ ಹೂಂ ಎಂದ, ಮರುದಿನ ಮತ್ತೆ ಇಳಿಸಿದ. ಕೊನೆಗೆ ಅದೇ ಅಭ್ಯಾಸವಾಯಿತು. ಲೈನಿನ ಮಕ್ಕಳು ಮನೆಯ ಮುಂದೆ ವ್ಯಾನ್ ಹತ್ತಿದರು. ಅವರಲ್ಲಿ ಈಗ ನರ್ಸ್ ಆದವರಿದ್ದಾರೆ, ಪಂಚಾಯಿತಿಯಲ್ಲಿ ಕೂತವರಿದ್ದಾರೆ. ಚಿಕ್ಕನ ಬದುಕಿನಲ್ಲಿ ನೆಟ್ಟಗೆ ಹೇಳಿಕೊಳ್ಳುವಂಥದ್ದು ಏನಾದರೂ ಇದ್ದರೆ ಇದೇ. ಅದನ್ನು ಅವನು ಯಾರ ಮುಂದೆಯೂ ಹೇಳಿಕೊಂಡವನಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ವ್ಯಾನಿನ ಎಫ್‌ಸಿ ಮಾಡಿಸಲು ಮಡಿಕೇರಿಗೆ ಹೋದ. ವಾಹನ ಓಡಿಸಲು ಯೋಗ್ಯವಾಗಿದೆ ಎಂದು ಪ್ರತಿ ವರ್ಷ ತಪಾಸಣೆ ಮಾಡಿಸಿಕೊಂಡು ಬರಬೇಕಲ್ಲ, ಅದು. ಅಲ್ಲಿನ ಇನ್ಸ್‌ಪೆಕ್ಟರು ಗೆರೆ ಹಾಕಿ, ಡ್ರೈವರನ್ನೇ ಓಡಿಸಲು ಹೇಳಿ, ಗೆರೆಯ ಹತ್ತಿರ ಗಕ್ಕನೆ ಬ್ರೇಕ್ ತುಳಿಸುತ್ತಾರೆ. ತಾವು ಪಕ್ಕದಲ್ಲಿ ನಿಂತು ಚಕ್ರಗಳನ್ನು ನೋಡುತ್ತಾರೆ. ಚಿಕ್ಕನ ವ್ಯಾನಿನ ಮುಂದಿನ ಚಕ್ರ ಹಿಡಿಯಿತು, ಹಿಂದಿನದು ಉರುಳುತ್ತಲೇ ಹೋಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ವ್ಯಾನ್ ಗೆರೆ ದಾಟಿ ನಿಂತಿತು. ಹಿಂದಿನ ಬ್ರೇಕ್ ಸಾಲದು, ಸರಿ ಮಾಡಿಸಿ ತನ್ನಿ ಎಂದು ವಾಪಸು ಕಳಿಸಿದರು.

ಅವನು ನನ್ನ ಗ್ಯಾರೇಜಿಗೆ ಬಂದಾಗಿನ ಮುಖ ನನಗೆ ಮರೆಯುವುದಿಲ್ಲ. ಪರೀಕ್ಷೆಯಲ್ಲಿ ಫೇಲಾದ ಮಗುವಿನ ಹಾಗಿದ್ದ. ಅಲ್ಲಿ ನಿಂತಿದ್ದ ಬೇರೆ ಡ್ರೈವರುಗಳೆಲ್ಲ ನೋಡಿದರಂತೆ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ಎಫ್‌ಸಿ ಇಲ್ಲದೆ ವ್ಯಾನ್ ರಸ್ತೆಗೆ ಇಳಿಯುವ ಹಾಗಿಲ್ಲ, ವ್ಯಾನ್ ಇಳಿಯದಿದ್ದರೆ ಲೈನಿನ ಮಕ್ಕಳು ನಡೆಯಬೇಕು. ಅವನಿಗೆ ಬೇಕಾಗಿದ್ದುದು ಇಷ್ಟೇ, ಶಾಲೆ ತೆರೆಯುವ ದಿನ ತಾನು ಆ ಸೀಟಿನಲ್ಲಿ ಕೂತಿರಬೇಕು. ನಾನು ಬ್ರೇಕ್ ಒಂದು ಕೆಲಸವೇ ಎಂದೆ. ಸಂಜೆಯೊಳಗೆ ಮುಗಿಸುತ್ತೇನೆ ಎಂದೆ.

ಹಿಂದಿನ ಎರಡೂ ಚಕ್ರ ಬಿಚ್ಚಿ ಡ್ರಮ್ ತೆಗೆದೆ. ಡ್ರಮ್ಮನ್ನು ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಶೂ ಹೊಸದರ ಹಾಗೆಯೇ ಇತ್ತು. ಬ್ರೇಕ್ ಮುಟ್ಟದವನ ಶೂ ಸವೆಯುವುದಾದರೂ ಹೇಗೆ? ಆಕ್ಸಲ್ಲಿನಿಂದ ಎಣ್ಣೆ ಸೋರಿ ಶೂ ಜಾರುವಂತಾಗಿದೆಯೇ ಎಂದು ಬೆರಳಾಡಿಸಿ ನೋಡಿದೆ, ಒಣಗಿತ್ತು. ಶೂವನ್ನು ತಳ್ಳುವ ಸಿಲಿಂಡರ್ ಸೋರುತ್ತಿದೆಯೇ ಎಂದು ರಬ್ಬರು ಎತ್ತಿ ನೋಡಿದೆ, ಅದೂ ಇಲ್ಲ. ಬಳಸದೆ ಶೂ ಮೇಲೆ ಒಂದು ಹೊಳಪು ಕೂತಿತ್ತು, ಮರಳು ಕಾಗದದಿಂದ ಉಜ್ಜಿದೆ. ಅಂತರ ಸರಿ ಮಾಡಿದೆ. ಪೈಪಿನಲ್ಲಿ ಗಾಳಿ ಇದ್ದರೆ ಹೋಗಲಿ ಎಂದು ಚಿಕ್ಕನನ್ನು ಸೀಟಿನ ಮೇಲೆ ಕೂರಿಸಿ ನಾನು ಕೆಳಗೆ ಮಲಗಿ ಪೈಪಿನ ತುದಿಯ ತಿರುಪು ಸಡಿಲಿಸಿದೆ. ತುಳಿ ಎಂದಾಗ ತುಳಿಯಬೇಕು, ಹಿಡಿ ಎಂದಾಗ ಹಿಡಿಯಬೇಕು. ಎಣ್ಣೆ ಬಂತು, ಆದರೆ ಚಿಮ್ಮಲಿಲ್ಲ, ಒಸರಿತು. ಗಾಳಿಯ ಗುಳ್ಳೆ ಮಾತ್ರ ಒಂದೂ ಇರಲಿಲ್ಲ. ಆಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

ಚಿಕ್ಕ ಮಾರನೆಯ ದಿನ ಮತ್ತೆ ಮಡಿಕೇರಿಗೆ ಹೋದ. ಮತ್ತೆ ಅದೇ ಆಯಿತು, ಮುಂದಿನದು ಹಿಡಿಯಿತು, ಹಿಂದಿನದು ಉರುಳಿತು. ಈ ಸಲ ಅವನು ನನ್ನ ಮೇಲೆಯೇ ಹರಿಹಾಯ್ದ. ನನಗೂ ಸಿಟ್ಟು ಬಂತು. ಮೂರ್ನಾಡಿನಲ್ಲಿ ನನ್ನ ಕೈಯಿಂದ ಹೋದ ಬ್ರೇಕು ಎರಡನೇ ಸಲ ಫೇಲಾದದ್ದೇ ಇಲ್ಲ. ವ್ಯಾನನ್ನು ಜಾಕ್ ಹಾಕಿ ಎತ್ತಿ ನಿಲ್ಲಿಸಿದೆ. ಅವನು ಮೇಲೆ ಕೂತು ಬ್ರೇಕ್ ತುಳಿಯುವುದು, ನಾನು ಕೆಳಗೆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡುವುದು. ತುಳಿದಾಗ ಚಕ್ರ ಕಲ್ಲಿನ ಹಾಗೆ ನಿಲ್ಲಬೇಕು. ಎಡಗಡೆಯದನ್ನು ಸ್ವಲ್ಪ ಒತ್ತಿ ಎಳೆದರೆ ತಿರುಗಿತು. ಬಲಗಡೆಯದೂ ಅಷ್ಟೇ. ಡ್ರಮ್ಮಿನ ತೊಂದರೆಯಾದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರುತ್ತದೆ. ಎರಡೂ ಕಡೆ ಒಂದೇ ಸಮ ಬಲ ಕಡಿಮೆಯಾದರೆ ತೊಂದರೆ ಮೇಲಿನದು. ಹ್ಯಾಂಡ್‌ಬ್ರೇಕ್ ಎಳೆಸಿ ನೋಡಿದೆ, ಅದೇ ಶೂ, ಅದೇ ಡ್ರಮ್, ಆಗ ಮಾತ್ರ ಚಕ್ರ ಅಲ್ಲಾಡಲಿಲ್ಲ. ಪೆಡಲಿನ ಕೆಳಗಿರುವ ಮಾಸ್ಟರ್ ಸಿಲಿಂಡರೇ ಎಂದುಕೊಂಡು ಅದರ ರಬ್ಬರುಗಳನ್ನೆಲ್ಲ ಬದಲಿಸಿದೆ. ಡ್ರಮ್ಮುಗಳನ್ನು ಇನ್ನೊಮ್ಮೆ ಬಿಚ್ಚಿ ಹಾಕಿದೆ. ಚಕ್ರ ತಿರುಗುತ್ತಲೇ ಇತ್ತು.

ಸಾಮಾನು ಎತ್ತಿಡುವಾಗ ಬಿಚ್ಚಿದ ಹಳೇ ಪಿನ್ನೊಂದು ಕಾಣಲಿಲ್ಲ. ನಟ್ಟು ಸಡಿಲವಾಗದಂತೆ ಸಿಕ್ಕಿಸುವ ಎರಡು ಕವಲಿನ ತಂತಿ ಪಿನ್ನು, ಮುರಿದರೆ ಸೂಜಿಯ ಹಾಗೆ ಚುಚ್ಚುತ್ತದೆ. ಡ್ರಮ್ಮಿನೊಳಗೆ ಉಳಿದಿದ್ದರೆ ಅನಾಹುತ ಎಂದು ಹುಡುಕಲು ಬಗ್ಗಿದೆ. ಸಿಮೆಂಟು ನೆಲದ ಮೇಲೆ ಕೆಂಪು ಚುಕ್ಕೆಗಳು ಕಂಡವು. ಒಂದು, ಸ್ವಲ್ಪ ದೂರಕ್ಕೆ ಇನ್ನೊಂದು, ಹಾಗೆಯೇ ಡ್ರೈವರ್ ಬಾಗಿಲಿನವರೆಗೆ. ಬಾಗಿಲು ತೆಗೆದು ನೋಡಿದರೆ ಬ್ರೇಕ್ ಪೆಡಲಿನ ರಬ್ಬರಿನ ಮೇಲೆ ರಕ್ತ. ಚಿಕ್ಕ ಯಾವತ್ತೂ ಬರಿಗಾಲಿನಲ್ಲಿ ಓಡಿಸುವವನು, ಅನ್ನ ಕೊಡುವ ಪೆಡಲನ್ನು ಚಪ್ಪಲಿಯಲ್ಲಿ ತುಳಿಯಬಾರದು ಎನ್ನುವವನು. ಸೀಟಿನಲ್ಲೇ ಕೂತಿದ್ದ ಅವನ ಬಲಗಾಲನ್ನು ಹಿಡಿದು ಎತ್ತಿದೆ. ಪಿನ್ನು ಅಂಗಾಲಿನೊಳಗೆ ಬುಡದವರೆಗೂ ಹೋಗಿತ್ತು. ಅವನು ಅದರ ಮೇಲೆ ನಡೆದಾಡಿದ್ದ, ಅದರಿಂದಲೇ ಬ್ರೇಕ್ ತುಳಿದಿದ್ದ. ಕಾಲು ಎತ್ತಿದ್ದು ಯಾಕೆ ಎಂದು ನನ್ನನ್ನೇ ಕೇಳಿದ.

ನಾನು ಇಕ್ಕಳದಿಂದ ಪಿನ್ನು ಎಳೆದು ಅವನ ಕೈಯಲ್ಲಿಟ್ಟೆ. ಎಳೆಯುವಾಗಲೂ ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಲೈನಿನಲ್ಲಿ ಬೆಳೆದ ಕಾಲು, ಮುಳ್ಳೆಲ್ಲ ಲೆಕ್ಕಕ್ಕಿಲ್ಲ ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನನ್ನು ಇಳಿಸಿ ಚಕ್ರದ ಹತ್ತಿರ ನಿಲ್ಲಿಸಿ, ನಾನು ಮೇಲೆ ಹತ್ತಿ ಬ್ರೇಕ್ ತುಳಿದೆ. ತಿರುಗಿಸು ಎಂದೆ. ಅವನು ಎರಡು ಕೈಯಲ್ಲಿ ಹಿಡಿದು ಎಳೆದ, ಮೈಯ ಭಾರ ಹಾಕಿ ಎಳೆದ. ಚಕ್ರ ಅಲ್ಲಾಡಲಿಲ್ಲ. ಬ್ರೇಕಿನಲ್ಲಿ ಮೊದಲಿನಿಂದಲೂ ಏನೂ ತೊಂದರೆ ಇರಲಿಲ್ಲ. ಮುಂದಿನ ಚಕ್ರದ ಡಿಸ್ಕು ಮೆಲ್ಲಗೆ ತುಳಿದರೂ ಹಿಡಿಯುತ್ತದೆ. ಹಿಂದಿನ ಡ್ರಮ್ಮಿಗೆ ಒಳಗಿನ ಸ್ಪ್ರಿಂಗನ್ನು ಮೀರುವಷ್ಟು ಬಲ ಬೇಕು, ಆ ಬಲ ಅವನ ಕಾಲಿನಿಂದ ಬರುತ್ತಿರಲಿಲ್ಲ. ತನ್ನ ಕಾಲು ಎಷ್ಟು ತುಳಿಯುತ್ತಿದೆ ಎಂಬುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ಬ್ರೇಕನ್ನೇ ತುಳಿಯದವನಿಗೆ ಇದು ಯಾವಾಗ ಶುರುವಾಯಿತು ಎಂದು ತಿಳಿಯುವುದಾದರೂ ಹೇಗೆ? ಇಷ್ಟು ಕಾಲ ಗೇರು ಅವನ ಕಾಲಿನ ಗುಟ್ಟನ್ನು ಮುಚ್ಚಿಟ್ಟಿತ್ತು.

ಬೇರೆಯವನಾಗಿದ್ದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಂಗಿಸಿ ಕಳಿಸುತ್ತಿದ್ದೆ. ಆ ಮಾತು ನಾಲಿಗೆಯವರೆಗೆ ಬಂದದ್ದನ್ನು ನುಂಗಿಕೊಂಡೆ.

“ಬ್ರೇಕ್ ಚೆನ್ನಾಗೈತೆ ಕಣೋ ಚಿಕ್ಕ,” ಎಂದೆ. “ಕಾಲು ತೋರಿಸ್ಕೊಂಡು ಬಾ.”

ಅವನು ಚಕ್ರದಿಂದ ಕೈ ತೆಗೆದ. ನಿಮಗೆ ಕೆಲಸ ಬರುವುದಿಲ್ಲ ಎಂದ. ವಿರಾಜಪೇಟೆಯಲ್ಲಿ ಒಳ್ಳೆಯ ಮೇಸ್ತ್ರಿಗಳಿದ್ದಾರೆ ಎಂದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ, ವ್ಯಾನನ್ನು ಜಾಕಿನ ಮೇಲೆಯೇ ಬಿಟ್ಟು.

ಮರುದಿನ ಅವನ ಹೆಂಡತಿ ಯಮುನಾ ಬಂದಳು. ತೋಟದ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ಮೆಣಸಿನಬಳ್ಳಿಗೆ ಏಣಿ ಇಟ್ಟು ಹತ್ತುವ ಗಟ್ಟಿ ಹೆಂಗಸು, ಅವತ್ತು ಬಾಗಿಲ ಕಂಬ ಹಿಡಿದುಕೊಂಡೇ ಮಾತಾಡಿದಳು. ಗಂಡ ರಾತ್ರಿ ಊಟ ಮಾಡಿಲ್ಲ, ಏನಾಯಿತು ಎಂದರೆ ಹೇಳುತ್ತಿಲ್ಲ ಎಂದಳು. ನಾನು ಪಿನ್ನಿನ ವಿಷಯ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ. ಅದೇ ನನ್ನ ಎದೆಗೆ ಹೆಚ್ಚು ನಾಟಿತು.

“ಒಂದು ಚಪ್ಪಲಿ ಹಾಕ್ಕೊಂಡು ಮನೆಗೆ ಬರ್ತಾರೆ ನಂಜಪ್ಪಣ್ಣ,” ಎಂದಳು. “ಇನ್ನೊಂದು ಎಲ್ಲಿ ಅಂತ ಕೇಳಿದ್ರೆ ಕಾಲು ನೋಡ್ಕೊಳ್ತಾರೆ. ನಾನು ದಾರಿಯಲ್ಲಿ ಹಿಂದೆ ಹೋಗಿ ಹುಡುಕಿ ತರುದು. ಮರೆವು ಅಂತ ಎಣಿಸಿದ್ದೆ.”

ಅವಳೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸಕ್ಕರೆ ಕಾಯಿಲೆ ಎಷ್ಟೋ ಕಾಲದಿಂದ ಇದ್ದಿರಬೇಕು, ಕಾಲಿನ ನರಗಳನ್ನು ತಿಂದುಬಿಟ್ಟಿದೆ ಎಂದರಂತೆ. ಮಾತ್ರೆ ಕೊಟ್ಟರು, ಗಾಯ ಆಗದಂತೆ ನೋಡಿಕೊಳ್ಳಿ, ಹೋದ ಸ್ಪರ್ಶ ಮರಳಿ ಬರುವುದು ಕಷ್ಟ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಡಾಕ್ಟರು ಕೇಳಿದಾಗ ಚಿಕ್ಕ ತೋಟದ ಕೆಲಸ ಎಂದನಂತೆ. ಯಮುನಾ ಪಕ್ಕದಲ್ಲಿಯೇ ಇದ್ದಳು. ಇವರು ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು, ತಿದ್ದಲು ಬಾಯಿ ಬರಲಿಲ್ಲ ಎಂದು ನನ್ನ ಹತ್ತಿರ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಎಫ್‌ಸಿ ಬಾಕಿಯೇ ಇತ್ತಲ್ಲ. ಚಿಕ್ಕನೇ ಮತ್ತೆ ಬಂದ. ನೀವೇ ಮಡಿಕೇರಿಗೆ ಓಡಿಸಿಕೊಂಡು ಬನ್ನಿ, ಅಲ್ಲಿ ನೀವೇ ತುಳಿಯಿರಿ ಎಂದ. ವ್ಯಾನು ನಿಜವಾಗಿಯೂ ಸರಿಯಾಗಿತ್ತು, ಅದರಲ್ಲಿ ಮೋಸವೇನೂ ಇರಲಿಲ್ಲ. ಹೋದೆವು. ಗೆರೆಯ ಹತ್ತಿರ ನಾನು ತುಳಿದೆ. ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಿ ವ್ಯಾನು ಗೆರೆಗೆ ಮೊದಲೇ ನಿಂತಿತು. ಇನ್ಸ್‌ಪೆಕ್ಟರು, ಈಗ ಸರಿಯಾಯಿತಲ್ಲ, ಮೊದಲೇ ಮಾಡಿಸಬಾರದಿತ್ತೇ ಎಂದರು. ಚಿಕ್ಕ ಕೈಮುಗಿದ. ಅವನ ಮುಖದಲ್ಲಿ ಹಳೆಯ ಗೆಲುವು ಬಂದಿತ್ತು. ಹೊರಗೆ ಬಂದ ಕೂಡಲೇ ಬೀಗದ ಕೈಗಾಗಿ ಕೈ ಚಾಚಿದ.

ನಾನು ಕೊಡಲಿಲ್ಲ.

ದಾರಿಯುದ್ದಕ್ಕೂ ಅವನು ವಾದ ಮಾಡಿದ. ತಾನು ಕುಡಿದು ಓಡಿಸಿದ್ದುಂಟೇ, ಒಂದು ಕೋಳಿಮರಿಗಾದರೂ ತಾಗಿಸಿದ್ದುಂಟೇ ಎಂದ. ಬ್ರೇಕ್ ಇಲ್ಲದೆ ಇಷ್ಟು ವರ್ಷ ಓಡಿಸಿಲ್ಲವೇ, ಇನ್ನೂ ಕೆಲವು ವರ್ಷ ಓಡಿಸಲಾರೆನೇ ಎಂದ. ತಾನು ಬಿಟ್ಟರೆ ಹೊಸ ಡ್ರೈವರು ತೋಟದೊಳಗೆ ವ್ಯಾನ್ ಇಳಿಸುವುದಿಲ್ಲ, ಮಕ್ಕಳು ಆನೆಯ ದಾರಿಯಲ್ಲಿ ನಡೆಯಬೇಕು, ಆ ಪಾಪ ನಿಮಗೆ ಎಂದ. ಎಲ್ಲವೂ ನಿಜವೇ ಆಗಿತ್ತು. ನಾನು ಗೇರು ಹಾಕುತ್ತಾ ಓಡಿಸಿದೆ. ಮೂರ್ನಾಡು ಬಂದಾಗ, ಶಾಲೆಯ ಮೈದಾನಕ್ಕೆ ತಿರುಗಿಸಿ, ತೋರಿಸುತ್ತೇನೆ ಎಂದ.

ರಜೆಯ ದಿನ, ಮೈದಾನದಲ್ಲಿ ಯಾರೂ ಇರಲಿಲ್ಲ. ಚಿಕ್ಕ ಹಿಂದಿನಿಂದ ಇಂಜಿನ್ ಎಣ್ಣೆಯ ಖಾಲಿ ಕ್ಯಾನು ತೆಗೆದ. ಗಾಳಿಗೆ ಬೀಳದಿರಲೆಂದು ಒಳಗೆ ಎರಡು ಕಲ್ಲು ಹಾಕಿ ಮೈದಾನದ ನಡುವೆ ನಿಲ್ಲಿಸಿದ.

“ಇದು ಅಮೃತಾ ಅಂತ ತಿಳ್ಕೊಳ್ಳಿ,” ಎಂದ.

ಅಮೃತಾ ಅವನು ಹುಟ್ಟಿದ ಅದೇ ಲೈನಿನ ಮಗು, ಯುಕೆಜಿಗೆ ಹೋಗುವವಳು. ದಿನವೂ ಮೊದಲು ಹತ್ತುವುದು ಅವಳೇ. ಅವಳು ಹಿಂದಿನ ಸೀಟಿಗೆ ಹೋಗದೆ ಇವನ ಹಿಂದೆಯೇ ನಿಂತು, ದಾರಿಯುದ್ದಕ್ಕೂ ಇವನ ಕಾಕಿ ಕಾಲರು ಹಿಡಿದುಕೊಂಡಿರುತ್ತಾಳೆ ಎಂದು ಇವನೇ ನನ್ನ ಹತ್ತಿರ ಹೇಳಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಚಿಕ್ಕನಿಗೂ ಯಮುನಾಳಿಗೂ ಮಕ್ಕಳಿಲ್ಲ. ಅದನ್ನು ಅವನು ಹೇಳುವುದಿಲ್ಲ, ಕಾಲರಿನ ವಿಷಯ ಮಾತ್ರ ಹೇಳುತ್ತಾನೆ.

ಗೇರು ಇಳಿಸುವುದಿಲ್ಲ, ಹ್ಯಾಂಡ್‌ಬ್ರೇಕ್ ಮುಟ್ಟುವುದಿಲ್ಲ, ಕಾಲಿನಿಂದಲೇ ನಿಲ್ಲಿಸುತ್ತೇನೆ, ನಿಂತರೆ ಬೀಗದ ಕೈ ನನ್ನದು ಎಂದು ಅವನೇ ಹೇಳಿದ. ನಾನು ಬೀಗದ ಕೈ ಕೊಟ್ಟು ಕ್ಯಾನಿನಿಂದ ಪಕ್ಕಕ್ಕೆ ಸರಿದು ದೂರ ನಿಂತೆ. ಅವನು ಮೈದಾನದ ಕೊನೆಗೆ ಹೋಗಿ ತಿರುಗಿಸಿಕೊಂಡು ಬಂದ. ವ್ಯಾನು ಹತ್ತಿರ ಬಂತು. ಒಂದು ಬ್ರೇಕು ಹಿಡಿಯಲಿ ಎಂದು ನಾನು ಜೀವಮಾನದಲ್ಲಿ ಅಷ್ಟು ಬೇಡಿಕೊಂಡದ್ದಿಲ್ಲ. ವ್ಯಾನಿನ ಮೂಗು ಸ್ವಲ್ಪ ತಗ್ಗಿತು. ಆದರೂ ಬರುತ್ತಲೇ ಇತ್ತು. ಕ್ಯಾನು ಬಂಪರಿಗೆ ಬಡಿದು, ಮಗುಚಿ, ಮುಂದಿನ ಚಕ್ರದ ಕೆಳಗೆ ಹೋಗಿ ಒಡೆಯಿತು. ಅದರಿಂದಾಚೆ ಇನ್ನೂ ಒಂದಿಷ್ಟು ಹೋಗಿ ವ್ಯಾನು ನಿಂತಿತು.

ನಾನು ಬಾಗಿಲ ಬಳಿಗೆ ಹೋದೆ. ಚಿಕ್ಕನ ಕೈ ಸ್ಟೇರಿಂಗಿನ ಮೇಲೆಯೇ ಇತ್ತು. ಇಂಜಿನ್ ಓಡುತ್ತಿತ್ತು.

“ನಾನು ತುಳಿದೆ ನಂಜಪ್ಪಣ್ಣ,” ಎಂದ. “ದೇವರಾಣೆಗೂ ತುಳಿದೆ. ಪೂರ್ತಿ ತುಳಿದೆ.”

ತಾನು ಪೂರ್ತಿ ತುಳಿದಿದ್ದೇನೆ ಎಂದೇ ಅವನು ನಂಬಿದ್ದ. ಅದು ಸುಳ್ಳಲ್ಲ, ಹಟವೂ ಅಲ್ಲ. ಸಾಕು ಬಿಡು, ಮನೆಗೆ ಹೋಗೋಣ ಎಂದೆ. ಅವನು ಕೇಳಲಿಲ್ಲ. ಒಡೆದ ಕ್ಯಾನನ್ನು ತಾನೇ ಎತ್ತಿ ತಂದು ಮತ್ತೆ ಅಲ್ಲಿಯೇ ಇಟ್ಟ. ಇನ್ನೊಂದೇ ಸಲ ಎಂದು ಹಿಂದಕ್ಕೆ ಹೋದ.

ಈ ಸಲ ವ್ಯಾನು ಅದೇ ವೇಗದಲ್ಲಿ ಬಂದು, ಗಕ್ಕನೆ ಕಚ್ಚಿ, ಕ್ಯಾನಿಗೆ ಇನ್ನೂ ಒಂದು ಮಾರು ಇರುವಾಗಲೇ ನಿಂತಿತು. ಹಿಂದಿನ ಚಕ್ರ ಮಣ್ಣಿನಲ್ಲಿ ಗೆರೆ ಎಳೆದಿತ್ತು. ನಾನು ಹುಚ್ಚನ ಹಾಗೆ ಚಪ್ಪಾಳೆ ತಟ್ಟಿಬಿಟ್ಟೆ. ಇಷ್ಟು ದಿನ ನಾವು ಹೆದರಿದ್ದೆಲ್ಲ ಸುಳ್ಳು, ಅಭ್ಯಾಸ ತಪ್ಪಿತ್ತು ಅಷ್ಟೇ ಎಂದು ಒಂದು ಗಳಿಗೆ ನಂಬಿದೆ. ಚಿಕ್ಕ ಸೀಟಿನಿಂದ ತಲೆ ಎತ್ತಿದ.

“ನಿಂತಿತಾ?” ಎಂದು ಕೇಳಿದ. “ಎಲ್ಲಿ ನಿಂತಿತು?”

ಅವನಿಗೆ ಗೊತ್ತಿರಲಿಲ್ಲ. ಕೆಳಗಿಳಿದು ಬಂದು, ಬಂಪರು ನೋಡಿದ, ಕ್ಯಾನು ನೋಡಿದ, ನಡುವಿನ ಜಾಗ ನೋಡಿದ. ನಗು ಬರುತ್ತಿದ್ದ ಅವನ ಮುಖ ಹಾಗೆಯೇ ನಿಂತುಹೋಯಿತು.

“ನಾನು ಕಾಲು ನೋಡ್ತಾ ಇದ್ದೆ,” ಎಂದ. “ಕಣ್ಣಲ್ಲಿ ನೋಡಿದ್ರೆ ಅದು ನನ್ನ ಮಾತು ಕೇಳ್ತದೆ.”

ಕಾಲು ನೋಡಿಕೊಂಡು ಓಡಿಸುವವನು ರಸ್ತೆ ನೋಡುವಂತಿಲ್ಲ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಆ ಒಡಕು ಕ್ಯಾನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸತೊಡಗಿದ. ಒರೆಸುತ್ತಾ ಅತ್ತ. ನಾನು ಅವನ ಬೆನ್ನಿನ ಮೇಲೆ ಕೈ ಇಟ್ಟು ನಿಂತೆ. ನನಗೂ ಅಳು ಬಂತು. ಎಂಥೆಂಥ ಕೆಟ್ಟ ಯಂತ್ರಗಳನ್ನು ಬಿಚ್ಚಿ ಸರಿ ಮಾಡಿದವನು ನಾನು, ಗೆಳೆಯನ ಒಂದು ಕಾಲಿಗೆ ಏನೂ ಮಾಡಲಾರದೆ ಅಲ್ಲಿ ನಿಂತಿದ್ದೆ.

ಅವನೇ ಮೊದಲು ಎದ್ದ. ಬೀಗದ ಕೈ ನನಗೆ ಕೊಟ್ಟು, ಎಡಗಡೆಯ ಬಾಗಿಲು ತೆಗೆದು ಕೂತ. ಆ ವ್ಯಾನಿನ ಎಡಗಡೆಯ ಸೀಟಿನಲ್ಲಿ ಅವನು ಕೂತದ್ದನ್ನು ನಾನು ನೋಡಿರಲೇ ಇಲ್ಲ. ಮನೆಗೆ ಬೇಡ, ಮಕ್ಕಳನ್ನು ಹತ್ತಿಸುವ ದಾರಿಯಲ್ಲಿ ಒಂದು ಸುತ್ತು ಹೋಗಿ ಎಂದ. ಹೊಸದಾಗಿ ಬರುವ ಡ್ರೈವರಿಗೆ ನೀವೇ ಹೇಳಬೇಕು, ನನ್ನ ಕೈಯಲ್ಲಿ ಆಗುವುದಿಲ್ಲ ಎಂದ.

ಹೋದೆವು. ಪ್ರತಿಯೊಂದು ನಿಲ್ದಾಣದಲ್ಲೂ ಅವನು ಒಂದೊಂದು ವಿಷಯ ಹೇಳಿದ. ಈ ಗೇಟಿನಲ್ಲಿ ಹಾರನ್ ಹೊಡೆಯಬಾರದು, ಒಳಗೆ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ. ಈ ಹುಡುಗನಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಕಿಟಕಿ ಪಕ್ಕ ಕೂರಿಸಬೇಕು. ಈ ಮನೆಯ ಅಕ್ಕತಂಗಿಯರಲ್ಲಿ ತಂಗಿ ಮಾತ್ರ ಬಂದರೆ ಅಕ್ಕನಿಗೆ ಜ್ವರ ಎಂದರ್ಥ, ಕಾಯಬಾರದು. ತೋಟದೊಳಗೆ ಇಳಿಯುವಾಗ, ಇಲ್ಲಿ ಸೆಕೆಂಡ್ ಗೇರು, ಅಲ್ಲಿ ಫಸ್ಟ್ ಗೇರು, ಬ್ರೇಕ್ ಮುಟ್ಟಬಾರದು ಎಂದು ಒಂದೊಂದು ತಿರುವಿಗೂ ಹೇಳಿದ. ಅವನ ಎಡಗೈ ತೊಡೆಯ ಮೇಲೆ ತನ್ನಷ್ಟಕ್ಕೆ ಗೇರು ಹಾಕುತ್ತಿತ್ತು. ನಾನು ಅವನು ಹೇಳಿದ ಹಾಗೆಯೇ ಓಡಿಸಿದೆ.

ಕೊನೆಗೆ ಲೈನ್ ಮನೆಗಳು ಬಂದವು. ಅಮೃತಾ ಅಂಗಳದಲ್ಲಿ ಆಡುತ್ತಿದ್ದಳು. ವ್ಯಾನು ಕಂಡದ್ದೇ ತಡ, ಶಾಲೆ ಶುರುವಾಯಿತು ಎಂದುಕೊಂಡಳೋ ಏನೋ, ಎರಡೂ ಕೈ ಎತ್ತಿಕೊಂಡು ನೇರ ನಮ್ಮ ಎದುರಿಗೇ ಓಡಿ ಬಂದಳು. ನಾನು ಬ್ರೇಕ್ ತುಳಿದೆ. ವ್ಯಾನು ನಿಂತಿತು.

“ಇಲ್ಲಿ ಮಾತ್ರ ಬ್ರೇಕ್ ಬೇಕು ಅಂತ ಹೇಳಿ ಆ ಹೊಸ ಡ್ರೈವರಿಗೆ,” ಎಂದ ಚಿಕ್ಕ. “ಈ ಮಗು ರಸ್ತೆ ನೋಡುದಿಲ್ಲ. ನನ್ನನ್ನೇ ನೋಡ್ಕೊಂಡು ಓಡಿ ಬರ್ತದೆ.”

ಅವಳು ಬಲಗಡೆಯ ಬಾಗಿಲಿಗೆ ಬಂದು, ಸೀಟಿನಲ್ಲಿ ನನ್ನನ್ನು ಕಂಡು ನಿಂತುಬಿಟ್ಟಳು.